ಆಟಕ್ಕೆ ಹೋದ ಮಗ ಮನೆಗೆ ಮರಳಬೇಕು

ಸಂಜೆಯಾಗುತ್ತಲೇ ಮಗ ಚೆಂಡು ಎತ್ತಿಕೊಂಡು ಮೈದಾನಕ್ಕೆ ಓಡುತ್ತಾನೆ. "ಮಗ್ರಿಬ್‌ಗೆ ಮುಂಚೆ ಬಂದು ಬಿಡು" ಎಂದು ನೀವು ಬಾಗಿಲಿನಿಂದಲೇ ಕೂಗುತ್ತೀರಿ. ಅವನು ಕ್ಲಬ್ ಸೇರಿದರೆ ಬೂಟು, ಜೆರ್ಸಿಗಳ ಖರ್ಚನ್ನೂ ಹೇಗೋ ಹೊಂದಿಸುತ್ತೀರಿ. ಆದರೆ ಆ ಪಂದ್ಯವನ್ನು ನಡೆಸುವವರು ಯಾರು, ಯಾವ ನಿಯಮದಂತೆ ನಡೆಸುತ್ತಾರೆ ಎಂದು ಎಂದಾದರೂ ವಿಚಾರಿಸಿದ್ದೀರಾ? ಯಾಕೆ ವಿಚಾರಿಸಬೇಕೆಂಬುದನ್ನು ಕೋಲ್ಕತ್ತಾ ಮಹಾನಗರದ ಫುಟ್ಬಾಲ್ ಲೀಗ್ ನಮಗೆ ಕಲಿಸುತ್ತದೆ.

ಈ ಲೀಗ್ ಆರಂಭವಾದದ್ದು 1898ರಲ್ಲಿ. ನಾಕೌಟ್ ಪಂದ್ಯಾಟದಲ್ಲಿ ಒಮ್ಮೆ ಸೋತವರು ಮನೆಗೆ ಹೋಗಬೇಕು. ಲೀಗ್‌ನಲ್ಲಿ ಹಾಗಲ್ಲ. ಪ್ರತಿ ತಂಡವೂ ತನ್ನ ಡಿವಿಜನ್‌ನ ಇತರ ತಂಡಗಳ ವಿರುದ್ಧ ಆಡಿ ಅಂಕ ಗಳಿಸುತ್ತದೆ. ಚೆನ್ನಾಗಿ ಆಡಿದವರು ಮೇಲಿನ ಡಿವಿಜನ್‌ಗೆ ಏರುತ್ತಾರೆ, ಹಿಂದುಳಿದವರು ಕೆಳಗಿಳಿಯುತ್ತಾರೆ. ಶ್ರಮಕ್ಕೆ ತಕ್ಕ ಫಲ ಎಂಬುದೇ ಇದರ ತಿರುಳು.

ಆದರೆ ಆರಂಭದಲ್ಲಿ ಈ ನ್ಯಾಯ ಎಲ್ಲರಿಗೂ ಇರಲಿಲ್ಲ. ಅದು ಯುರೋಪಿಯನ್ ತಂಡಗಳ ಲೀಗ್ ಆಗಿತ್ತು. ಮೋಹನ್ ಬಗಾನ್‌ಗೆ ಪ್ರವೇಶ ಸಿಕ್ಕಿದ್ದು 1914ರಲ್ಲಿ, ಅದೂ ಎರಡನೇ ಡಿವಿಜನ್‌ಗೆ. ಮೊದಲ ಡಿವಿಜನ್‌ನಲ್ಲಿ ಎರಡಕ್ಕಿಂತ ಹೆಚ್ಚು ಭಾರತೀಯ ತಂಡಗಳು ಇರಕೂಡದೆಂಬ ನಿರ್ಬಂಧವೂ ಇತ್ತು. ಪ್ರತಿಭಟನೆಯ ಬಳಿಕ ಅದು ಸಡಿಲವಾಗಿ, 1925ರಲ್ಲಿ ಈಸ್ಟ್ ಬೆಂಗಾಲ್ ಮೇಲೇರಿತು.

ಬಾಗಿಲು ತೆರೆದ ಮೇಲೆ ಏನಾಯಿತು ನೋಡಿ. 1934ರಲ್ಲಿ ಮೊದಲ ಡಿವಿಜನ್‌ಗೆ ಬಂದ ಮೊಹಮ್ಮಡನ್ ಸ್ಪೋರ್ಟಿಂಗ್ ಅದೇ ವರ್ಷ ಪ್ರಶಸ್ತಿ ಗೆದ್ದಿತು. ಲೀಗ್ ಗೆದ್ದ ಮೊದಲ ಭಾರತೀಯ ತಂಡ ಅದು. 1938ರ ವರೆಗೆ ಸತತ ಐದು ಬಾರಿ ಗೆದ್ದ ಆ ತಂಡದಲ್ಲಿ ನಮ್ಮ ಬೆಂಗಳೂರಿನ ಆಟಗಾರರೂ ಇದ್ದರು. ಬೆಂಗಳೂರಿನದೇ ತಂಡವಾದ ಬೆಂಗಳೂರು ಮುಸ್ಲಿಮ್ಸ್ 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಪ್ರತಿಭೆ ಮೊದಲೂ ಇತ್ತು. ಬೇಕಾಗಿದ್ದದ್ದು ಅವಕಾಶ ಮಾತ್ರ.

ನಿಯಮ ನ್ಯಾಯವಾಗಿದ್ದರೆ ಸಾಕೇ? ಸಾಲದು. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಇದೇ ಲೀಗ್‌ನ ಮೋಹನ್ ಬಗಾನ್-ಈಸ್ಟ್ ಬೆಂಗಾಲ್ ಪಂದ್ಯ. ಎರಡೂ ತಂಡಗಳ ಅಭಿಮಾನಿಗಳು ಒಂದೇ ಗ್ಯಾಲರಿಯಲ್ಲಿ ಕಿಕ್ಕಿರಿದಿದ್ದರು. ಮೈದಾನದ ಜಗಳ ಗ್ಯಾಲರಿಗೂ ಹಬ್ಬಿತು. ಕಾಲ್ತುಳಿತದಲ್ಲಿ 16 ಜೀವಗಳು ಹೋದವು. ಆಟ ನೋಡಲು ಹೊರಟವರನ್ನು ನಗುತ್ತಾ ಕಳುಹಿಸಿಕೊಟ್ಟ 16 ಮನೆಗಳಲ್ಲಿ ಅಂದು ರಾತ್ರಿ ಯಾರು ತಾನೇ ಊಟ ಮಾಡಿಯಾರು? ಆ ದಿನದ ನೆನಪಿಗಾಗಿ ಕೋಲ್ಕತ್ತಾದಲ್ಲಿ ಆಗಸ್ಟ್ 16ರಂದು ರಕ್ತದಾನ ನಡೆಸುತ್ತಾರೆ.

ಆದ್ದರಿಂದ ಸಹೋದರಿಯರೇ, ಸಂಘಟಕರನ್ನು ಕೇಳಲು ಸಂಕೋಚ ಬೇಡ. ಮೈದಾನದಲ್ಲಿ ಪ್ರಥಮ ಚಿಕಿತ್ಸೆಯ ಏರ್ಪಾಡಿದೆಯೇ? ಹೊರಬರಲು ಸಾಕಷ್ಟು ಗೇಟುಗಳಿವೆಯೇ? ರೆಫರಿಗೆ ತರಬೇತಿಯಾಗಿದೆಯೇ? ವಯಸ್ಸಿನ ದಾಖಲೆ ಸರಿಯಾಗಿ ನೋಡುತ್ತಾರೆಯೇ? ವಯಸ್ಸು ಮರೆಮಾಚಿ ಆಡುವವನು ಇನ್ನೊಬ್ಬ ತಾಯಿಯ ಮಗನ ಜಾಗ ಕಸಿಯುತ್ತಾನೆ. ನಿಮ್ಮ ಮಗನೇ ಅಂತಹ ಸುಳ್ಳು ದಾಖಲೆ ಕೊಡಲು ಹೊರಟರೆ ಮೊದಲು ತಡೆಯಬೇಕಾದವರು ನೀವೇ.

ಕಪ್ ಈ ವರ್ಷ ಬಾರದಿದ್ದರೆ ಮುಂದಿನ ವರ್ಷ ಬಂದೀತು. ಮಗ ಮಾತ್ರ ಪ್ರತಿ ಸಂಜೆಯೂ ಮನೆಗೆ ಬರಬೇಕು.