ಹತ್ತಿರವಿದ್ದ ಹಡಗು: ಐ.ಎನ್.ಎಸ್. ಸುಮಿತ್ರಾ



ಡಿಸೆಂಬರ್ 4 ನೌಕಾಪಡೆ ದಿನ. ಅಂದು ಪತ್ರಿಕೆಗಳಲ್ಲಿ ವಿಮಾನವಾಹಕ ನೌಕೆಗಳ, ಜಲಾಂತರ್ಗಾಮಿಗಳ ಚಿತ್ರ ಬರುತ್ತದೆ. ಗಸ್ತು ನೌಕೆಯ ಸುದ್ದಿ ಕೇಳುವವರು ಕಡಿಮೆ. ಆದರೆ ಕಾಸರಗೋಡು ಮೊದಲಾಗಿ ನಮ್ಮ ಊರುಗಳಲ್ಲಿ ಮಕ್ಕಳನ್ನು ಅರಬ್ ದೇಶಗಳಿಗೆ ದುಡಿಯಲು ಕಳಿಸಿದ ಮನೆಗಳು ಬೇಕಾದಷ್ಟಿವೆ. ಆ ಮನೆಯವರು ಅರಿತಿರಬೇಕಾದ ಒಂದು ಗಸ್ತು ನೌಕೆಯ ಸೇವಾ ವಿವರವನ್ನು ಇಲ್ಲಿ ಕೊಡುತ್ತಿದ್ದೇವೆ.

ಸುಮಿತ್ರಾ ಕಟ್ಟಿದ್ದು ಗೋವಾದ ವಾಸ್ಕೋದಲ್ಲಿರುವ ಗೋವಾ ಶಿಪ್‌ಯಾರ್ಡ್‌ನಲ್ಲಿ. ಸರಯೂ, ಸುನಯನಾ, ಸುಮೇಧಾ ಇದರ ಅಕ್ಕಂದಿರು, ಇದು ಕೊನೆಯದು. 2014ರ ಸೆಪ್ಟೆಂಬರ್ 4ರಂದು ಚೆನ್ನೈಯಲ್ಲಿ ಸೇವೆಗೆ ಸೇರಿತು. ಉದ್ದ 105 ಮೀಟರ್, ಗರಿಷ್ಠ ವೇಗ 25 ನಾಟ್, ಅಂದರೆ ಗಂಟೆಗೆ ಸುಮಾರು 46 ಕಿ.ಮೀ. ಕ್ಷಿಪಣಿಗಳಿಲ್ಲ, ಮುಂಭಾಗದಲ್ಲಿ 76 ಮಿ.ಮೀ. ತೋಪು, ಜೊತೆಗೆ ಎರಡು ಚಿಕ್ಕ ತೋಪು, ಹಿಂದೆ ಹೆಲಿಕಾಪ್ಟರ್ ಇಳಿಯುವ ಕಟ್ಟೆ. ದೊಡ್ಡ ಯುದ್ಧಕ್ಕೆ ಇದು ಸಾಲದು. ಇದರ ಬಲವೇ ಬೇರೆ: ಹದವಾದ ವೇಗದಲ್ಲಿ ಸಾಗಿದರೆ ಮತ್ತೆ ಇಂಧನ ತುಂಬದೆ ಸುಮಾರು 11,000 ಕಿ.ಮೀ. ಹೋಗಬಲ್ಲದು. ಹಾಗಾಗಿ ದಡ ಬಿಟ್ಟು ದೂರ ಕಡಲಲ್ಲಿ ವಾರಗಟ್ಟಲೆ ಕಾವಲಿರಬಹುದು.

ಇದರ ಬೆಲೆ ತಿಳಿದದ್ದು ಸೇವೆಗೆ ಸೇರಿದ ಏಳನೇ ತಿಂಗಳಲ್ಲಿ. 2015ರ ಮಾರ್ಚ್ ಕೊನೆಗೆ ಯೆಮನ್‌ನಲ್ಲಿ ಬಾಂಬ್ ದಾಳಿ ಆರಂಭವಾಯಿತು. ಏಡನ್ ನಗರದ ಬೀದಿಗಳಲ್ಲೇ ಕಾಳಗ, ವಿಮಾನ ನಿಲ್ದಾಣ ಬಂದ್. ಅಲ್ಲಿದ್ದ ನಮ್ಮವರಿಗೆ ಸಮುದ್ರವೊಂದೇ ದಾರಿ. ಸುಮಿತ್ರಾ ಆಗ ಕಡಲ್ಗಳ್ಳರ ಮೇಲೆ ಕಣ್ಣಿಟ್ಟು ಏಡನ್ ಕೊಲ್ಲಿಯಲ್ಲೇ ಗಸ್ತು ತಿರುಗುತ್ತಿತ್ತು. ಮುಂಬೈಯಿಂದ ಹೊರಟ ದೊಡ್ಡ ನೌಕೆಗಳು ಮುಟ್ಟುವ ಮೊದಲೇ, ಮಾರ್ಚ್ 31ರಂದು, ಅದು ಏಡನ್ ಬಂದರನ್ನು ಹೊಕ್ಕಿತು. ನೂರಿಪ್ಪತ್ತರಷ್ಟು ಸಿಬ್ಬಂದಿಗೆಂದು ಕಟ್ಟಿದ ಹಡಗಿನಲ್ಲಿ 349 ಭಾರತೀಯರನ್ನು ಹತ್ತಿಸಿಕೊಂಡು ಜಿಬೂಟಿಗೆ ತಲುಪಿಸಿತು. ಅಲ್ಲಿಂದ ವಾಯುಪಡೆಯ ವಿಮಾನಗಳು ಅವರನ್ನು ಕೊಚ್ಚಿಗೂ ಮುಂಬೈಗೂ ತಂದವು. ಸುಮಿತ್ರಾ ಅಷ್ಟಕ್ಕೇ ನಿಲ್ಲದೆ ಹೊದೈದಾ, ಅಶ್ ಶಿಹ್ರ್ ಬಂದರುಗಳಿಗೂ ಹೋಗಿ ಜನರನ್ನು ಕರೆತಂದಿತು. 'ರಾಹತ್' ಎಂಬ ಆ ಕಾರ್ಯಾಚರಣೆಯಲ್ಲಿ ವಿಮಾನ, ಹಡಗುಗಳೆಲ್ಲ ಸೇರಿ 4,600ಕ್ಕೂ ಹೆಚ್ಚು ಭಾರತೀಯರನ್ನೂ ಸುಮಾರು 960 ಮಂದಿ ವಿದೇಶಿಯರನ್ನೂ ಪಾರುಮಾಡಿದವು.

2016ರಲ್ಲೂ 2022ರಲ್ಲೂ ವಿಶಾಖಪಟ್ಟಣದಲ್ಲಿ ರಾಷ್ಟ್ರಪತಿಗಳು ನೌಕಾಪಡೆಯನ್ನು ಪರಿವೀಕ್ಷಿಸಿದ್ದು ಇದೇ ಹಡಗಿನ ಮೇಲಿಂದ. ಮೆರವಣಿಗೆ ಮುಗಿದ ಮೇಲೆ ಮತ್ತೆ ಗಸ್ತು. 2024ರ ಜನವರಿ ಕೊನೆಗೆ ಸೊಮಾಲಿಯಾದ ಪೂರ್ವಕ್ಕೆ ಕಡಲ್ಗಳ್ಳರು ಹಿಡಿದಿದ್ದ 'ಇಮಾನ್' ಎಂಬ ಇರಾನಿನ ಮೀನುಗಾರಿಕಾ ದೋಣಿಯಿಂದ 17 ಮಂದಿ ಇರಾನಿಯರನ್ನು ಬಿಡಿಸಿತು. ಬೆನ್ನಿಗೇ 'ಅಲ್ ನಯೀಮಿ' ದೋಣಿಯಿಂದ 19 ಮಂದಿಯನ್ನು ಬಿಡಿಸಿತು, ಅವರು ಪಾಕಿಸ್ತಾನದವರು. ಎರಡೂ ಕೆಲಸ 36 ಗಂಟೆಯೊಳಗೆ. ಕಡಲಲ್ಲಿ ಸಿಕ್ಕಿಬಿದ್ದವನ ಊರು ಯಾವುದೆಂದು ಯಾರೂ ಮೊದಲು ಕೇಳಲಿಲ್ಲ. ಸುಮಿತ್ರಾ ಎಂದರೆ ಒಳ್ಳೆಯ ಗೆಳತಿ, ಹೆಸರು ಸಾರ್ಥಕವಾಯಿತು.

ಕಷ್ಟ ಬಂದಾಗ ದೊಡ್ಡವರಿಗಿಂತ ಹತ್ತಿರವಿದ್ದವರೇ ಮೊದಲು ಒದಗುತ್ತಾರೆ. ಆದರೆ ಹಡಗು ಬಂದರೂ ನಾವು ಇದ್ದೇವೆಂದು ಯಾರಿಗಾದರೂ ಗೊತ್ತಿರಬೇಕಲ್ಲ? ಯೆಮನ್ ಬಿಡಿರೆಂದು ನಮ್ಮ ರಾಯಭಾರ ಕಚೇರಿ ಯುದ್ಧಕ್ಕೆ ಮುಂಚೆಯೇ ಸೂಚಿಸಿತ್ತು. ಆದ್ದರಿಂದ ಹೊರದೇಶದಲ್ಲಿರುವ ನಿಮ್ಮವರಿಗೆ ಈ ವಾರವೇ ಫೋನ್ ಮಾಡಿ: ಅಲ್ಲಿಯ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಲಿ, ಪಾಸ್‌ಪೋರ್ಟಿನ ಒಂದು ಪ್ರತಿ ಊರಿನ ಮನೆಯಲ್ಲೂ ಇರಲಿ. ಕಡತಗಳ ನಡುವೆ ಆಯುಷ್ಯ ಕಳೆದ ನಮಗೆ ತಿಳಿದಿರುವುದು ಇಷ್ಟೇ: ಪಟ್ಟಿಯಲ್ಲಿಲ್ಲದ ಹೆಸರನ್ನು ಕೂಗುವವರಿಲ್ಲ.

2015ರಲ್ಲಿ ಯೆಮನ್‌ನಿಂದ ಮರಳಿದವರು ಸದಸ್ಯರ ಮನೆಗಳಲ್ಲಿದ್ದರೆ ನಮಗೆ ದಯವಿಟ್ಟು ಬರೆಯಿರಿ.

– ಕಾರ್ಯದರ್ಶಿ