ಪ್ರಯೋಗಶಾಲೆಯ ‘ಸ’, ಬಯಲಾಟದ ‘ಸ’

ಉಳ್ಳಾಲದ ಕಡೆ ಯಕ್ಷಗಾನ ಬಯಲಾಟಕ್ಕೆ ಹೋದಾಗ ಹಿಮ್ಮೇಳದವರ ಮಾತಿಗೆ ಕಿವಿಗೊಡಿ. ‘ಕಪ್ಪು ಎರಡು’, ‘ಬಿಳಿ ನಾಲ್ಕು’ ಎನ್ನುತ್ತಾರೆ. ಇದು ಹಾರ್ಮೋನಿಯಂನ ಮನೆಗಳ ಎಣಿಕೆ. ಭಾಗವತರು ಆರಿಸಿಕೊಂಡ ಮನೆಯ ಸ್ವರವೇ ಅವರ ಹಾಡಿಕೆಗೆ ಷಡ್ಜ. ಮದ್ದಳೆಯನ್ನೂ ಅದಕ್ಕೇ ಶ್ರುತಿ ಮಾಡಬೇಕು.

ಈಗ ಒಂದು ಪ್ರಶ್ನೆ. ನಿಮ್ಮ ಪ್ರಯೋಗಶಾಲೆಯ 256 ಹರ್ಟ್ಸ್ ಶ್ರುತಿಕವೆಯನ್ನು ಹಾರ್ಮೋನಿಯಂನ ‘ಬಿಳಿ ಒಂದ’ರ ಜೊತೆಗೆ ನುಡಿಸಿದರೆ ಎರಡೂ ಕೂಡುತ್ತವೆಯೇ? ಎರಡರ ಹೆಸರೂ ‘ಸಿ’. ಆದರೂ ಕೂಡುವುದಿಲ್ಲ! ನಾದ ಸೆಕೆಂಡಿಗೆ ಐದಾರು ಬಾರಿ ಏರಿಳಿಯುತ್ತದೆ. ಈ ಏರಿಳಿತಗಳೇ ವಿಸ್ಪಂದಗಳು.

ಕಾರಣ ಸರಳ. ಭೌತವಿಜ್ಞಾನಿಗಳು ಲೆಕ್ಕದ ಅನುಕೂಲಕ್ಕಾಗಿ 256ನ್ನು, ಅಂದರೆ 2ರ ಎಂಟನೆಯ ಘಾತವನ್ನು, ಆರಿಸಿಕೊಂಡರು. ಸಂಗೀತಗಾರರ ಆಧಾರ ಸ್ವರ ‘ಎ’. 1859ರಲ್ಲಿ ಫ್ರಾನ್ಸ್ ಅದನ್ನು 435 ಹರ್ಟ್ಸ್ ಎಂದು ಗೊತ್ತುಮಾಡಿತು. 1939ರ ಲಂಡನ್ ಸಮ್ಮೇಳನ 440 ಎಂದಿತು. ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1955ರಲ್ಲಿ ಅದನ್ನೇ ಒಪ್ಪಿತು. 440ರಿಂದ ಲೆಕ್ಕ ಹಾಕಿದರೆ ‘ಸಿ’ಯ ಆವೃತ್ತಿ 261.6. ವ್ಯತ್ಯಾಸ 5.6 ಹರ್ಟ್ಸ್; ಅಷ್ಟೇ ವಿಸ್ಪಂದಗಳು.

ಆಧಾರ ಸ್ವರ ಬದಲಾದರೆ ವಾದ್ಯಗಳು ಏನು ಮಾಡಬೇಕು? ತಂತಿಯ ಆವೃತ್ತಿ ಅದರ ಬಿಗಿತದ ವರ್ಗಮೂಲಕ್ಕೆ ಅನುಪಾತೀಯ. ಪಿಟೀಲನ್ನು ಒಂದು ಮನೆ ಏರಿಸಲು ಆವೃತ್ತಿ ಸುಮಾರು 6 ಪ್ರತಿಶತ ಹೆಚ್ಚಬೇಕು. ಬಿಗಿತ 12 ಪ್ರತಿಶತ ಹೆಚ್ಚಬೇಕು. ಹಳೆಯ ತಂತಿ ತುಂಡಾಗಲೂಬಹುದು. ಕೊಳಲಿನ ತೂತುಗಳನ್ನು ಸರಿಸಲಾಗದು. ಜೊತೆಗೆ ಅದರೊಳಗಿನ ಗಾಳಿ 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ 440ರ ಸ್ವರ ಸುಮಾರು 447ಕ್ಕೆ ಏರುತ್ತದೆ. ಹಾರ್ಮೋನಿಯಂನ ಲೋಹದ ನಾಲಗೆಗಳು ನುಡಿಸುವವರ ಕೈಗೆ ಬಗ್ಗುವಂಥವಲ್ಲ. ಆದ್ದರಿಂದ ಬದಲಾಗಬಲ್ಲ ವಾದ್ಯ ಬದಲಾಗದ ವಾದ್ಯವನ್ನು ಅನುಸರಿಸುತ್ತದೆ.

ಚರ್ಮವಾದ್ಯಕ್ಕೇಕೆ ಶ್ರುತಿ? ಸಿ.ವಿ. ರಾಮನ್ 1920ರಲ್ಲೂ 1934ರಲ್ಲೂ ಇದಕ್ಕೆ ಉತ್ತರ ಕೊಟ್ಟರು. ಮೃದಂಗದ ಚರ್ಮದ ನಡುವಿನ ಕಪ್ಪು ಲೇಪದಿಂದಾಗಿ ಅದರ ಉಪಸ್ವರಗಳು ಮೂಲ ಆವೃತ್ತಿಯ ಪೂರ್ಣಾಂಕ ಗುಣಕಗಳಿಗೆ ಸಮೀಪವಾಗುತ್ತವೆ. ಹೀಗಾಗಿ ನಮಗೆ ಖಚಿತ ಸ್ವರ ಕೇಳಿಸುತ್ತದೆ. ಮದ್ದಳೆಗೂ ಅಂಥ ಲೇಪವಿದೆ. ಕಡಲ ತೀರದ ರಾತ್ರಿಯ ತೇವಕ್ಕೆ ಚರ್ಮ ಸಡಿಲಗೊಂಡು ಸ್ವರ ಇಳಿಯುತ್ತದೆ. ಆಗ ಮದ್ದಳೆಗಾರರು ಮತ್ತೆ ಶ್ರುತಿ ಮಾಡಲೇಬೇಕು.

ಹಾಗಾದರೆ 440 ಕಡ್ಡಾಯವೇ? ಇಲ್ಲ. ನಮ್ಮ ಸಂಗೀತದಲ್ಲಿ ಷಡ್ಜಕ್ಕೆ ಸ್ಥಿರ ಆವೃತ್ತಿಯಿಲ್ಲ. ಸ್ವರಗಳ ನಡುವಣ ಅನುಪಾತವೇ ಮುಖ್ಯ. ‘ಸ’ 256 ಆದರೆ ‘ಪ’ 384. ‘ಸ’ 300 ಆದರೆ ‘ಪ’ 450. ಎರಡರಲ್ಲೂ ಅನುಪಾತ 3:2. ಒಂದೇ ವೇದಿಕೆಯಲ್ಲಿ ಎಲ್ಲರ ‘ಸ’ ಒಂದೇ ಇದ್ದರೆ ಸಾಕು. ವಾದ್ಯದ ಅನುಕೂಲಕ್ಕೆಂದು ಶ್ರುತಿ ಏರಿಸಿದರೆ ಗಂಟೆಗಟ್ಟಲೆ ಹಾಡುವ ಭಾಗವತರ ಗಂಟಲು ಅದರ ಬೆಲೆ ತೆರಬೇಕಾಗುತ್ತದೆ. ಮೊದಲು ಕಂಠ, ಆಮೇಲೆ ವಾದ್ಯ.

ತರಗತಿಯಲ್ಲಿ ಹೀಗೆ ಮಾಡಿ ನೋಡಿ: 256ರ ಶ್ರುತಿಕವೆಯ ಒಂದು ತೋಳಿಗೆ ಚೂರು ಮೇಣ ಅಂಟಿಸಿ, ಮತ್ತೆ ಹಾರ್ಮೋನಿಯಂನ ‘ಬಿಳಿ ಒಂದ’ರ ಜೊತೆಗೆ ನುಡಿಸಿ. ವಿಸ್ಪಂದಗಳು ಹೆಚ್ಚುತ್ತವೆಯೋ, ಕಡಿಮೆಯಾಗುತ್ತವೆಯೋ? ಏಕೆ?