ಮೊಲದ ಕಜ್ಜಿಗೆ ಎರಡನೆಯ ಸೂಜಿ ಮರೆಯಬೇಡಿ

ಕಳೆದ ಮಳೆಗಾಲದಲ್ಲಿ ತೆಂಗಿನ ಸಸಿಯ ವಿಚಾರವಾಗಿ ಮಂಗಳೂರಿನ ಬಿಜೈ ಕಡೆಯ ಒಂದು ಮನೆಗೆ ಹೋಗಿದ್ದೆ. ಸಸಿ ನೋಡಿ ಹೊರಡುವಾಗ ಮನೆಯ ಹುಡುಗ "ಸರ್, ನಮ್ಮ ಮೊಲಗಳನ್ನೂ ಸ್ವಲ್ಪ ನೋಡಿ" ಎಂದು ಹಿತ್ತಿಲಿಗೆ ಕರೆದುಕೊಂಡು ಹೋದ. ಗೂಡಿನಲ್ಲಿ ನಾಲ್ಕು ಬಿಳಿ ಮೊಲಗಳಿದ್ದವು. ಮೂಗಿನ ತುದಿ, ತುಟಿಯ ಅಂಚು, ಮುಂಗಾಲಿನ ಬೆರಳುಗಳ ಮೇಲೆಲ್ಲ ಬೂದಿ ಬಣ್ಣದ ಹಕ್ಕಳೆ ಕಟ್ಟಿತ್ತು. ಒಂದು ಮೊಲವಂತೂ ತುಟಿ ನೋವಿನಿಂದ ಹುಲ್ಲು ಮುಟ್ಟುವುದನ್ನೇ ಬಿಟ್ಟಿತ್ತು. ಮೊದಲು ಆರು ಇದ್ದವಂತೆ. ಕಜ್ಜಿ ಕಂಡ ಮೇಲೆ, ಮನೆಯ ನಾಯಿಯ ಉಣುಗಿಗೆಂದು ತಂದಿಟ್ಟಿದ್ದ ಮದ್ದನ್ನೇ ಎರಡು ಮೊಲಗಳಿಗೆ ಸಿಂಪಡಿಸಿದರು. ಎರಡೂ ಸತ್ತವು. "ನಾಯಿಗೆ ಏನೂ ಆಗಲಿಲ್ಲ, ಮೊಲಕ್ಕೆ ಯಾಕೆ ಹೀಗಾಯಿತು?" ಎಂಬುದು ಆ ಹುಡುಗನ ತಾಯಿಯ ಪ್ರಶ್ನೆ.

ನಾನು ಬೆಳೆಯ ಕೆಲಸದವನು, ಪಶುವೈದ್ಯನಲ್ಲ. ಆದರೆ ಇದೇ ಪ್ರಶ್ನೆಯನ್ನು ಅಡಿಕೆ ತೋಟದ ಮನೆಗಳಲ್ಲಿಯೂ ಕೇಳಿದ್ದೇನೆ. ಮಕ್ಕಳ ಆಸೆಗೆ ಒಂದು ಜೊತೆ ತಂದವರಿದ್ದಾರೆ, ಉಪಕಸುಬೆಂದು ಹತ್ತಿಪ್ಪತ್ತು ಸಾಕಿದವರಿದ್ದಾರೆ. ಆದ್ದರಿಂದ ಪಶುವೈದ್ಯ ಮಿತ್ರರ ಬಳಿ ಕೂತು ಕೇಳಿ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲ ಪ್ರಶ್ನೆಗೆ ಉತ್ತರ ಇದು. ನಾಯಿಗಳ ಉಣುಗು, ಚಿಗಟಕ್ಕೆ ಬಳಸುವ ಹಲವು ಸ್ಪ್ರೇಗಳಲ್ಲಿ, ಬೆನ್ನಿಗೆ ಹಾಕುವ ಹನಿಗಳಲ್ಲಿ ಫಿಪ್ರೊನಿಲ್ ಎಂಬ ಮದ್ದು ಇರುತ್ತದೆ. ನಾಯಿ ಅದನ್ನು ತಾಳಿಕೊಳ್ಳುತ್ತದೆ. ಮೊಲಕ್ಕೆ ಅದು ವಿಷ. ನಡುಕ, ಸೆಳೆತ ಬಂದು ಸಾಯಬಹುದು. ಭತ್ತದ ಗದ್ದೆಗೆ ಹಾಕುವ ಕೀಟನಾಶಕಗಳಲ್ಲಿಯೂ ಫಿಪ್ರೊನಿಲ್ ಇದೆ. ಆ ಹೆಸರು ನಿಮಗೆ ಹೊಸದಲ್ಲ. ಡಬ್ಬಿಯ ಮೇಲೆ ಆ ಹೆಸರು ಕಂಡರೆ ಮೊಲದ ಹತ್ತಿರ ತರಲೇಬೇಡಿ.

ಇನ್ನು ಕಜ್ಜಿಯ ವಿಚಾರ. ಇದಕ್ಕೆ ಕಾರಣ ನುಸಿ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ನಮ್ಮ ತೋಟಗಳಿಗೂ ಹಬ್ಬಿದ ತೆಂಗಿನ ನುಸಿಯನ್ನು ನೀವು ಮರೆತಿರಲಾರಿರಿ. ಕಣ್ಣಿಗೆ ಕಾಣದು, ಕಾಯಿಯ ತೊಟ್ಟಿನ ಕೆಳಗೆ ಅಡಗಿ ಕೂತು ರಸ ಹೀರುತ್ತದೆ. ಮೊಲದ ನುಸಿ ಬೇರೆ ಜಾತಿ, ಆದರೆ ಅಡಗುವ ಬುದ್ಧಿ ಅದೇ. ಹೆಣ್ಣು ನುಸಿ ಚರ್ಮದೊಳಗೆ ಸುರಂಗ ಕೊರೆದು ಅಲ್ಲಿಯೇ ಮೊಟ್ಟೆ ಇಡುತ್ತದೆ. ಮೇಲೆ ಏನು ಹಚ್ಚಿದರೂ ಹಕ್ಕಳೆಯ ಕೆಳಗಿರುವ ಅದಕ್ಕೆ ತಲುಪುವುದು ಕಷ್ಟ. ಮೂಗು, ತುಟಿ, ಕಣ್ಣಿನ ರೆಪ್ಪೆ, ಪಾದಗಳಲ್ಲಿ ಶುರುವಾಗುವುದು ಈ ಬಗೆ. ಇನ್ನೊಂದು ಬಗೆಯ ನುಸಿ ಕಿವಿಯೊಳಗೆ ವಾಸ ಮಾಡುತ್ತದೆ. ಮೊಲ ತಲೆ ಕೊಡವುತ್ತಿದ್ದರೆ, ಹಿಂಗಾಲಿನಿಂದ ಕಿವಿ ಕೆರೆಯುತ್ತಿದ್ದರೆ ಕಿವಿ ಬಿಡಿಸಿ ನೋಡಿ. ಒಳಗೆ ಕಂದು ಬಣ್ಣದ, ಪದರ ಪದರವಾದ ಹಕ್ಕಳೆ ಕಾಣುತ್ತದೆ. ಅದನ್ನು ಕಿತ್ತು ತೆಗೆಯುವ ಕೆಲಸ ಮಾಡಬೇಡಿ. ಕೆಳಗೆ ಹಸಿ ಹುಣ್ಣಿರುತ್ತದೆ, ಪ್ರಾಣಿಗೆ ವಿಪರೀತ ನೋವು. ಮದ್ದು ತಾಗಿದರೆ ಹಕ್ಕಳೆ ತಾನಾಗಿ ಉದುರುತ್ತದೆ.

ಕೂದಲು ಉದುರಿದ್ದೆಲ್ಲ ಕಜ್ಜಿಯೇ ಅಲ್ಲ. ದುಂಡಗೆ ಕೂದಲು ಹೋಗಿ, ಹೆಚ್ಚು ತುರಿಕೆಯಿಲ್ಲದೆ ಹೊಟ್ಟು ಏಳುತ್ತಿದ್ದರೆ ಅದು ಬೂಷ್ಟಿನಿಂದ ಬರುವ ಹುಳುಕಡ್ಡಿ ಇರಬಹುದು. ನುಸಿಯ ಮದ್ದು ಅದಕ್ಕೆ ಏನೂ ಮಾಡದು. ಬರಿಯ ತಂತಿಬಲೆಯ ಮೇಲೆ ನಿಂತು ಹಿಂಗಾಲಿನ ಹಿಮ್ಮಡಿ ಹುಣ್ಣಾಗುವುದು ಮತ್ತೊಂದು. ಅದಕ್ಕೆ ಒಂದು ತುಂಡು ಹಲಗೆ ಹಾಕಿಕೊಡುವುದೇ ಮೊದಲ ಚಿಕಿತ್ಸೆ. ಯಾವುದು ಯಾವುದೆಂದು ತಿಳಿಯಲು ವೈದ್ಯರು ಹಕ್ಕಳೆಯ ಅಂಚನ್ನು ಮೆಲ್ಲಗೆ ಕೆರೆದು, ಆ ಪುಡಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹೊತ್ತು ಹಿಡಿಯುವ ಕೆಲಸವಲ್ಲ. ಈ ಪರೀಕ್ಷೆ ಮಾಡಿ ಎಂದು ಕೇಳಲು ನೀವು ಸಂಕೋಚಪಡಬೇಕಾಗಿಲ್ಲ.

ನುಸಿ ಎಂದು ಖಚಿತವಾದರೆ ಸಾಮಾನ್ಯವಾಗಿ ಕೊಡುವುದು ಐವರ್‌ಮೆಕ್ಟಿನ್ ಚುಚ್ಚುಮದ್ದು. ಜಪಾನಿನ ಸತೋಶಿ ಓಮುರ ಎಂಬ ವಿಜ್ಞಾನಿ ಅಲ್ಲಿನ ಮಣ್ಣಿನಿಂದ ಬೇರ್ಪಡಿಸಿದ ಸೂಕ್ಷ್ಮಜೀವಿಯಿಂದ ಈ ಮದ್ದು ಹುಟ್ಟಿತು. ಅದನ್ನು ಮದ್ದಾಗಿಸುವ ಕೆಲಸದಲ್ಲಿ ದುಡಿದ ವಿಲಿಯಂ ಕ್ಯಾಂಪ್‌ಬೆಲ್ ಜೊತೆಗೆ ಅವರಿಗೆ 2015ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನಮ್ಮ ಹಟ್ಟಿಯ ದನಗಳಿಗೂ ಇದೇ ಮದ್ದನ್ನು ಕೊಡುತ್ತಾರೆ. ಅಪಾಯ ಇರುವುದೂ ಅಲ್ಲಿಯೇ. ದನದ ಬಾಟಲಿ ಮನೆಯಲ್ಲಿದೆ, ಮೊಲಕ್ಕೂ ಸ್ವಲ್ಪ ಚುಚ್ಚಿದರಾಯಿತು ಎಂದುಕೊಳ್ಳುತ್ತೇವೆ.

ಆ 'ಸ್ವಲ್ಪ' ಎಷ್ಟೆಂದು ಲೆಕ್ಕ ಹಾಕೋಣ. ಶೇಕಡಾ 1ರ ದ್ರಾವಣದ ಒಂದು ಸಿ.ಸಿ.ಯಲ್ಲಿ 10 ಮಿಲಿಗ್ರಾಂ ಮದ್ದಿರುತ್ತದೆ. 250 ಕಿಲೋ ತೂಕದ ದನಕ್ಕೆ 5 ಸಿ.ಸಿ. ಮೊಲಕ್ಕೆ ವೈದ್ಯರು ಕೊಡುವುದು ಕಿಲೋ ತೂಕಕ್ಕೆ 0.2ರಿಂದ 0.4 ಮಿಲಿಗ್ರಾಂ. ಎರಡು ಕಿಲೋ ಮೊಲಕ್ಕೆ ಲೆಕ್ಕ ಹಾಕಿದರೆ 0.04ರಿಂದ 0.08 ಸಿ.ಸಿ., ಅಂದರೆ ಒಂದು ಹನಿ, ಹೆಚ್ಚೆಂದರೆ ಒಂದೂವರೆ ಹನಿ! ದನಕ್ಕೆ ಚುಚ್ಚುವ ಸಿರಿಂಜಿನಲ್ಲಿ ಇದನ್ನು ಅಳೆಯಲು ಸಾಧ್ಯವೇ ಇಲ್ಲ. ಸಾಲದ್ದಕ್ಕೆ ದನಗಳಿಗೆಂದು ಶೇಕಡಾ 3.15ರ ಬಾಟಲಿಯೂ ಬರುತ್ತದೆ. ಅದು ಮೂರು ಪಟ್ಟು ಗಟ್ಟಿ. ಆದ್ದರಿಂದ ಮೊಲವನ್ನು ತೂಗಿ, ಸಣ್ಣ ಸಿರಿಂಜಿನಲ್ಲಿ ವೈದ್ಯರೇ ಚುಚ್ಚಬೇಕು.

ಒಂದು ಸೂಜಿ ಹಾಕಿಸಿದ ಕೆಲವು ದಿನಗಳಲ್ಲಿ ತುರಿಕೆ ಇಳಿಯುತ್ತದೆ, ಮೊಲ ಮೇಯಲು ತೊಡಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿ. ಗುಣವಾಯಿತೆಂದು ಸುಮ್ಮನಾಗುತ್ತಾರೆ. ಮದ್ದು ನುಸಿಯನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಮೊಟ್ಟೆ ಕೆಲವೇ ದಿನಗಳಲ್ಲಿ ಒಡೆದು, ಎರಡು ಮೂರು ವಾರಗಳಲ್ಲಿ ಮರಿ ನುಸಿ ಬೆಳೆದು ಮತ್ತೆ ಮೊಟ್ಟೆಗೆ ಬರುತ್ತದೆ. ಅಷ್ಟರೊಳಗೆ, ಅಂದರೆ ಹತ್ತರಿಂದ ಹದಿನಾಲ್ಕು ದಿನಕ್ಕೆ, ಎರಡನೆಯ ಸೂಜಿ ಬೀಳಬೇಕು. ಕಜ್ಜಿ ಬಲವಾಗಿದ್ದರೆ ಮೂರನೆಯದೂ ಬೇಕಾದೀತು. ಕ್ಯಾಲೆಂಡರಿನಲ್ಲಿ ತಾರೀಕಿಗೆ ಗೆರೆ ಎಳೆದಿಡಿ. ಒಂದೇ ಗೂಡಿನ ಮೊಲಗಳಲ್ಲಿ ಕಜ್ಜಿ ಕಾಣದವುಗಳಿಗೂ ಚಿಕಿತ್ಸೆ ಆಗಬೇಕು. ಗಬ್ಬದ ಮೊಲ, ಹಾಲೂಡುವ ಮೊಲ, ಸಣ್ಣ ಮರಿಗಳಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಮಾಂಸಕ್ಕೆಂದು ಸಾಕುವವರು ಸೂಜಿ ಹಾಕಿದ ಎಷ್ಟು ವಾರಗಳ ನಂತರ ಮಾರಬಹುದು ಎಂಬುದನ್ನೂ ಅಲ್ಲಿಯೇ ಕೇಳಿಕೊಳ್ಳಿ.

ಮೊಲಕ್ಕೆ ಮದ್ದಾದ ದಿನವೇ ಗೂಡಿಗೂ ಆಗಬೇಕು. ಮೈಯಿಂದ ಬಿದ್ದ ನುಸಿ ಹಲಗೆಯ ಸಂದಿನಲ್ಲಿ ದಿನಗಟ್ಟಲೆ ಬದುಕುತ್ತದೆ, ಕಿವಿಯ ನುಸಿ ಇನ್ನೂ ಹೆಚ್ಚು ಕಾಲ. ಹಾಸಿದ ಬೈಹುಲ್ಲು, ಗೋಣಿಯನ್ನು ಸುಟ್ಟುಬಿಡಿ. ಅಡಿಕೆ ಸಲಾಕೆಯ ಗೂಡಾದರೆ ಕುದಿಯುವ ನೀರು ಹೊಯ್ದು ಉಜ್ಜಿ. ತಂತಿಯ ಗೂಡನ್ನು ಮೊಲಗಳನ್ನು ಹೊರಗೆ ತೆಗೆದು ಬ್ಲೋ ಲ್ಯಾಂಪಿನ ಉರಿಯಲ್ಲಿ ಒಮ್ಮೆ ಸುಡಬಹುದು. ಬಿಸಿಲಿಗಿಡಿ ಎಂದು ಬರೆಯುವುದು ಸುಲಭ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಊರಿನಲ್ಲಿ ಆಷಾಢದಲ್ಲಿ ಬಿಸಿಲನ್ನು ಎಲ್ಲಿಂದ ತರುವುದು? ಒಲೆಯ ಮೇಲೆ ಅಟ್ಟದಲ್ಲಿಟ್ಟು ಒಣಗಿಸಿದವರನ್ನು ಕಂಡಿದ್ದೇನೆ, ಅದೂ ಆಗುತ್ತದೆ.

ಸೀಮೆಎಣ್ಣೆ, ಇಂಜಿನ್ ಎಣ್ಣೆ ಹಚ್ಚುವವರು ಈಗಲೂ ಇದ್ದಾರೆ. ಮೊಲ ತನ್ನ ಮೈಯನ್ನು ತಾನೇ ನೆಕ್ಕಿಕೊಳ್ಳುವ ಪ್ರಾಣಿ, ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಹಿಂದೆ ಗ್ಯಾಮಾಕ್ಸೇನ್ ಪುಡಿ ಉಜ್ಜುತ್ತಿದ್ದರು, ಆ ಬಿ.ಎಚ್.ಸಿ. 1997ರಲ್ಲಿಯೇ ನಿಷೇಧವಾಗಿದೆ. ಮೊಲವನ್ನು ನೀರಿನಲ್ಲಿ ಮುಳುಗಿಸಿ ಸ್ನಾನ ಮಾಡಿಸುವುದೂ ಬೇಡ, ಚಳಿ ಹಿಡಿದು, ಬೆದರಿ ಸತ್ತುಹೋಗಬಹುದು. ಹುಣ್ಣು ಕೀವಾಗಿದೆಯೆಂದು ಮನೆಯಲ್ಲುಳಿದ ಅಮಾಕ್ಸಿಸಿಲಿನ್ ಗುಳಿಗೆ ಬಾಯಿಗೆ ಹಾಕಬೇಡಿ. ಅದು ಮೊಲದ ಕರುಳಿನ ಒಳ್ಳೆಯ ಜೀವಾಣುಗಳನ್ನು ಕೊಂದು, ಭೇದಿ ಹಿಡಿಸಿ ಪ್ರಾಣ ತೆಗೆಯುತ್ತದೆ.

ಗೂಡಿನ ಕೆಲಸ ಮಾಡುವಾಗ ಕೈಗವಸು ಹಾಕಿಕೊಳ್ಳಿ, ಮಕ್ಕಳು ಕೆಲವು ದಿನ ಮೊಲವನ್ನು ಎತ್ತಿಕೊಳ್ಳುವುದು ಬೇಡ. ನುಸಿ ಮನುಷ್ಯರ ಕೈ, ಹೊಟ್ಟೆಯ ಮೇಲೆ ತುರಿಕೆಯ ಗುಳ್ಳೆ ಎಬ್ಬಿಸುತ್ತದೆ. ಹುಳುಕಡ್ಡಿಯೂ ಅಂಟುತ್ತದೆ. ಆ ಮನೆಯ ಹುಡುಗನ ಮುಂಗೈಯಲ್ಲಿಯೂ ಗುಳ್ಳೆಗಳಿದ್ದವು. ಅವನನ್ನು ಚರ್ಮದ ವೈದ್ಯರಿಗೆ ತೋರಿಸಲು ಹೇಳಿ ಬಂದೆ.

ನಾಲ್ಕು ಮೊಲಗಳಿಗೂ ಎರಡು ಸೂಜಿಯಾಯಿತು. ತಿಂಗಳ ನಂತರ ಹೋದಾಗ ಮೂರರ ಮೂಗಿನ ಮೇಲೆ ಹೊಸ ಕೂದಲು ಬಂದಿತ್ತು. ಮೇವು ಬಿಟ್ಟಿದ್ದ ಆ ಒಂದು ಮೊಲ ಉಳಿಯಲಿಲ್ಲ. ಮೊಲ ಒಂದು ದಿನ ತಿನ್ನದಿದ್ದರೂ ಅದರ ಕರುಳು ನಿಂತುಹೋಗುತ್ತದೆ, ಅಲ್ಲಿ ಎರಡು ದಿನ ಕಳೆದಿತ್ತು.

ಮಂಗಳೂರಿಗೆ ಹತ್ತಿರದವರು ಕೊಡಿಯಾಲಬೈಲಿನ ಪಶು ಆಸ್ಪತ್ರೆಗೆ, ಉಳಿದವರು ತಮ್ಮ ತಾಲೂಕಿನ ಪಶು ಆಸ್ಪತ್ರೆಗೆ ತೋರಿಸಬಹುದು. ಪಶುಪಾಲನಾ ಇಲಾಖೆಯ 1962 ಸಂಖ್ಯೆಗೆ ಫೋನು ಮಾಡಿ ವಿಚಾರಿಸಿಯೂ ಹೋಗಬಹುದು. ಬಿಸಿಲೇರುವ ಮುಂಚೆ ಹೊರಡಿ, ಮೊಲಕ್ಕೆ ಸೆಕೆ ತಡೆಯದು. ಕಿವಿ ಹಿಡಿದು ಎತ್ತದೆ, ಹಿಂಭಾಗಕ್ಕೆ ಕೈಯಾನಿಸಿ ಎತ್ತಿ, ಗಾಳಿಯಾಡುವ ಬುಟ್ಟಿಯಲ್ಲಿ ಕೂರಿಸಿ. ದಾರಿಗೆಂದು ಒಂದು ಹಿಡಿ ಹುಲ್ಲನ್ನೂ ಬುಟ್ಟಿಯೊಳಗೇ ಹಾಕಿ.